ಅಣ್ಣನ ಹೆಸರಿಗೆ ಬಂದ ಡ್ರೋನು

ಈ ದೇಶದಲ್ಲಿ ಕಾನೂನು ಪಾಲಿಸುವವರೆಲ್ಲ ಸೇರಿ ಒಂದು ಮೆರವಣಿಗೆ ಹೊರಟರೆ, ಎಲ್ಲರಿಗಿಂತ ಮುಂದೆ ಬಾವುಟ ಹಿಡಿದು ನಡೆಯುವವನು ನಾನು! ಕುಮಾಸಿ ಪಟ್ಟಣದ ಪಕ್ಕದ ನಮ್ಮೂರಿನ ಶಾಲೆಯಲ್ಲಿ ತಲೆ ನೆರೆಯುವವರೆಗೆ ಪೌರನೀತಿ ಪಾಠ ಮಾಡಿದವನು. ಒಂದು ಮೇಕೆಯೂ ಓಡಾಡದ ರಸ್ತೆಯನ್ನು ಸಹ ಎಡಕ್ಕೆ ನೋಡಿ, ಬಲಕ್ಕೆ ನೋಡಿ, ಮತ್ತೆ ಎಡಕ್ಕೆ ನೋಡಿಯೇ ದಾಟುವವನು. ಆದ್ದರಿಂದ ನ್ಯಾರ್ಕೊ ಅಣ್ಣ ತೀರಿಕೊಂಡು ವಾರವಾದ ಮೇಲೆ, ಹೆಣವಿನ್ನೂ ಆಸ್ಪತ್ರೆಯಲ್ಲೇ ಇರುವಾಗ, ಮಣ್ಣು ಮಾಡುವ ದಿನ ಗೊತ್ತುಮಾಡಲು ಕುಟುಂಬದವರೆಲ್ಲ ಕಪ್ಪು ಕೆಂಪು ಬಟ್ಟೆ ಹೊದ್ದು ಅಂಗಳದಲ್ಲಿ ಕೂತಿದ್ದಾಗ, ನಾನು ಎದ್ದು ನಿಂತು ಘೋಷಿಸಿಯೇಬಿಟ್ಟೆ.

"ಅಣ್ಣನ ಮಣ್ಣನ್ನ ಆಕಾಶದಿಂದ ವೀಡಿಯೊ ತೆಗೀತೀನಿ. ಸ್ವಂತ ಡ್ರೋನಲ್ಲಿ. ಅದೂ ಹೊರದೇಶದಿಂದ, ಕಾಯ್ದೆ ಪ್ರಕಾರ, ಸರ್ಕಾರದ ಅಪ್ಪಣೆ ತಗೊಂಡು ತರಿಸಿದ ಡ್ರೋನಲ್ಲಿ."

ಯಾರೂ ಚಪ್ಪಾಳೆ ತಟ್ಟಲಿಲ್ಲ. ನನ್ನ ಹೆಂಡತಿ ಅಫ್ರಾಕೋಮಾ ಮಾತ್ರ ನನ್ನ ಬಟ್ಟೆಯ ಚುಂಗು ಹಿಡಿದು ಎಳೆದಳು. ಊರವರೆಲ್ಲ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ, ಅವಳೂ ಹಾಗೇ ಕರೆಯುತ್ತಾಳೆ. ಊರವರ ಬಾಯಲ್ಲಿ ಅದು ಮರ್ಯಾದೆ. ಅವಳ ಬಾಯಲ್ಲಿ ಏನೆಂದು ನನಗೆ ಇಂದಿಗೂ ಗೊತ್ತಾಗಿಲ್ಲ.

"ಮೇಷ್ಟ್ರೇ, ದೊಡ್ಡ ರಸ್ತೆ ಫೋಟೊ ಅಂಗಡಿಯೋನ ಹತ್ರ ಡ್ರೋನ್ ಬಾಡಿಗೆಗೆ ಸಿಗುತ್ತೆ. ಅವನೇ ಹಾರಿಸ್ತಾನೆ, ಅವನೇ ಇಳಿಸ್ತಾನೆ. ನೀವು ಒಂದು ಕಡೆ ಕೂತು ನೆಮ್ಮದಿಯಾಗಿ ಅಳಬಹುದು."

"ಅಳೋಕೆ ಬೇಕಾದಷ್ಟು ಜನ ಇದಾರೆ. ಹಾರಿಸೋನು ನಾನು."

"ಏಣಿ ಎರಡು ಮೆಟ್ಟಿಲು ಹತ್ತಿದ್ರೆ ತಲೆ ಸುತ್ತುತ್ತೆ ಅಂತೀರಿ."

"ಹಾರೋದು ನಾನಲ್ಲ ಕಣೇ, ಡ್ರೋನು."

ಕುಟುಂಬದ ಹಿರಿಯ ಆಂತ್ವಿ ಮಾವ ಕೋಲು ನೆಲಕ್ಕೆ ಕುಟ್ಟಿದರು. ನಮ್ಮಮ್ಮನ ಅಣ್ಣ ಅವರು. ಅವರು ಕೋಲು ಕುಟ್ಟಿದರೆ ಅಂಗಳದ ಕೋಳಿಗಳೂ ಸುಮ್ಮನಾಗುತ್ತವೆ. "ಹಾರಿಸ್ಕೋ ಕ್ವಾಕು, ಅದು ನಿನ್ನಿಷ್ಟ. ಆದ್ರೆ ಪೆಟ್ಟಿಗೆ ಮುಚ್ಚೋ ಮುಂಚೆ ಅಣ್ಣನ ಕಿವಿ ಹತ್ರ ಬಗ್ಗಿ ಕೊನೇ ಮಾತು ಹೇಳೋದು ಬೆನ್ನಿಗೆ ಬಿದ್ದ ತಮ್ಮನ ಕೆಲಸ. ಅದು ಬೇರೆ ಯಾರದ್ದೂ ಅಲ್ಲ, ನಿಂದು. ಅದನ್ನ ಮರೀಬೇಡ."

"ಅದನ್ನ ಮರೆಯೋಕಾಗುತ್ತಾ ಮಾವ?" ಎಂದೆ ನಾನು. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನು ಇಟ್ಟುಕೊಳ್ಳಲಿಲ್ಲ.

ಡ್ರೋನಿನ ಹುಚ್ಚು ಹಿಡಿಯಲು ಒಂದು ಕಾರಣವಿತ್ತು. ನಮ್ಮ ಶಾಲೆಯ ಹಿಂದೆ ಒಂದು ದೊಡ್ಡ ಓಡುಮ್ ಮರವಿದೆ. ಚಿಕ್ಕಂದಿನಲ್ಲಿ ಅಣ್ಣ ಅದರ ತುದಿಗೆ ಹತ್ತಿ ಕೂರುತ್ತಿದ್ದ. ನಾನು ಬುಡದಲ್ಲಿ ನಿಂತು ಕತ್ತೆತ್ತಿ, "ಏನು ಕಾಣ್ತಿದೆ ಅಣ್ಣ?" ಎಂದು ಕೂಗುತ್ತಿದ್ದೆ. ಅವನು ಮೇಲಿನಿಂದ ವರದಿ ಒಪ್ಪಿಸುತ್ತಿದ್ದ. ಸಮುದ್ರ ಕಾಣುತ್ತಿದೆ. ಹಡಗು ಬರುತ್ತಿದೆ. ಹಡಗಿನ ಕಪ್ತಾನ ಫುಫು ಮುದ್ದೆ ತಿನ್ನುತ್ತಿದ್ದಾನೆ, ಸಾರಿನಲ್ಲಿ ಮೀನು ಕಡಿಮೆಯಂತೆ. ನಮ್ಮೂರಿನಿಂದ ಸಮುದ್ರಕ್ಕೆ ಬಸ್ಸಿನಲ್ಲಿ ಹೋದರೂ ಅರ್ಧ ದಿನ ಬೇಕು ಎಂಬುದು ನನಗೆ ಭೂಗೋಳ ಪಾಠ ಶುರುವಾಗುವವರೆಗೆ ತಿಳಿಯಲಿಲ್ಲ. ಒಮ್ಮೆ ಆ ಸಮುದ್ರ ನೋಡುವ ಆಸೆಗೆ ನಾನೂ ಹತ್ತಿದೆ. ಅರ್ಧಕ್ಕೆ ಹೋದವನು ಕೆಳಗೆ ನೋಡಿದೆ. ಮುಗಿಯಿತು, ಹತ್ತಲೂ ಆಗದು, ಇಳಿಯಲೂ ಆಗದು! ಅಣ್ಣ ಬಂದು ನನ್ನನ್ನು ಬೆನ್ನಿಗೆ ಕಟ್ಟಿಕೊಂಡು ಇಳಿಸಿದ. ಮರ ಒದ್ದೆಯಾಗಿತ್ತು. ಅದಕ್ಕೆ ಕಾರಣ ಮಳೆಯಲ್ಲ ಎಂಬುದನ್ನು ಅವನು ಸಾಯುವವರೆಗೆ ಯಾರಿಗೂ ಹೇಳಲಿಲ್ಲ, ನನ್ನ ಹೆಂಡತಿಯೊಬ್ಬಳನ್ನು ಬಿಟ್ಟು.

ಆಸ್ಪತ್ರೆಯಲ್ಲಿ ಕೊನೆಯ ಸಲ ನೋಡಲು ಹೋದಾಗ ಅವನು ನಕ್ಕ. "ನನ್ನ ಮಣ್ಣಿಗೆ ಎಷ್ಟು ಜನ ಬಂದಿದಾರೆ ಅಂತ ಮೇಲೆ ಹತ್ತಿ ನೋಡಿ ಹೇಳೋರು ಯಾರೋ ಕ್ವಾಕು? ನಿನ್ನ ಕೈಲಂತೂ ಆಗಲ್ಲ."

"ಹತ್ತುತ್ತೀನಿ ಅಣ್ಣ. ನೀನು ಹತ್ತಿದ್ದಕ್ಕಿಂತ ಮೇಲೆ."

ಅವನು ಮತ್ತೆ ನಕ್ಕ. ಅದು ಕೆಮ್ಮಾಯಿತು. ಮರುದಿನ ಬೆಳಿಗ್ಗೆ ಸಾರಿನ ಡಬ್ಬಿ ಹಿಡಿದು ಹೋದಾಗ ಅವನ ಮಂಚಕ್ಕೆ ಹೊಸ ಹಾಸು ಹಾಸುತ್ತಿದ್ದರು.

ಇರಲಿ, ಡ್ರೋನಿಗೆ ಬರೋಣ. ನನ್ನ ನಾದಿನಿ ಸೆಚಿವಾ ಹ್ಯಾಂಬರ್ಗಿನಲ್ಲಿದ್ದಾಳೆ. ಫೋನಿನಲ್ಲಿ ವಿಷಯ ಹೇಳುತ್ತಲೇ ಅವಳು, "ಅಷ್ಟೇನಾ ಭಾವ? ನಾನು ಬರುವಾಗ ಸೂಟ್‌ಕೇಸಲ್ಲಿ ಬಟ್ಟೆ ಮಧ್ಯೆ ಸುತ್ತಿ ತಂದ್ಬಿಡ್ತೀನಿ. ಯಾರೂ ನೋಡಲ್ಲ" ಎಂದಳು.

"ಯಾರೂ ನೋಡಲ್ಲ ಅನ್ನೋದೇ ಎಲ್ಲಾ ಅಪರಾಧಗಳ ಮೊದಲನೇ ವಾಕ್ಯ ಸೆಚಿವಾ. ಎಲ್ಲರಿಗೂ ಕಾಣೋ ಹಾಗೆ, ಒಳಗೇನಿದೆ ಅಂತ ಬರೆದು ಕಳಿಸು. ಅಪ್ಪಣೆ ನಾನು ಇಲ್ಲಿ ತಗೋತೀನಿ."

"ಹಾಗಾದ್ರೆ ಮಣ್ಣಿಗೆ ಅಂತ ಕಳಿಸೋ ಡ್ರಮ್ಮಲ್ಲೇ ಹಾಕ್ತೀನಿ ಬಿಡಿ."

ನಮ್ಮ ಕಡೆಯವರು ಹೊರದೇಶಕ್ಕೆ ಹೋದರೆ ಕಾಗದ ಬರೆಯುವುದಿಲ್ಲ, ಡ್ರಮ್ಮು ಕಳಿಸುತ್ತಾರೆ. ಆಳೆತ್ತರದ ನೀಲಿ ಡ್ರಮ್ಮು. ಹಡಗಿನಲ್ಲಿ ತೆಮಾ ಬಂದರಿಗೆ ಬಂದಿಳಿಯುತ್ತದೆ. ಮುಚ್ಚಳ ತೆಗೆದರೆ ಅಕ್ಕಿ, ಸೋಪು, ಮೀನಿನ ಡಬ್ಬಿ, ಯಾರದೋ ಹಳೆಯ ಕೋಟು, ಎಲ್ಲ ಒಂದೇ ವಾಸನೆ ಬೀರುತ್ತ ಹೊರಬರುತ್ತವೆ. ಈ ಸಲದ ಡ್ರಮ್ಮಿನಲ್ಲಿ ಅಣ್ಣನನ್ನು ಮಲಗಿಸುವ ಮಂಚಕ್ಕೆ ಹೊದಿಸುವ ಬಿಳಿ ಲೇಸು, ಕುಟುಂಬದ ಹೆಂಗಸರ ತಲೆಬಟ್ಟೆಗಳು, ಅಣ್ಣನ ಕಾಲಿಗೆ ಹಾಕಲು ಹೊಸ ಕಪ್ಪು ಬೂಟು ಇದ್ದವು. ಎಲ್ಲದರ ಮೇಲೆ, ತೊಟ್ಟಿಲ ಕೂಸಿನ ಹಾಗೆ, ನನ್ನ ಡ್ರೋನು.

ನಾನು ಇತ್ತ ವಿಮಾನ ಹಾರಾಟದ ಕಚೇರಿಗೆ ಅರ್ಜಿ ಹಾಕಿ, ನನ್ನ ಹೆಸರಿಗೆ ಸೊಗಸಾದ ಅಪ್ಪಣೆ ಪತ್ರ ಪಡೆದು, ಅದನ್ನು ಇಸ್ತ್ರಿ ಮಾಡಿದ ಅಂಗಿಯ ಜೇಬಿನಲ್ಲಿಟ್ಟುಕೊಂಡು ತೆಮಾಕ್ಕೆ ಹೊರಟೆ. ಸರ್ಕಾರ ನನ್ನನ್ನು ನೋಡಿ ಎದ್ದು ನಿಂತು ಕೈಕುಲುಕುತ್ತದೆ ಎಂದೇ ನನ್ನ ನಂಬಿಕೆ.

ಬಂದರಿನ ಮೇಜಿನ ಹಿಂದೆ ಕೂತಿದ್ದ ಹೆಣ್ಣುಮಗಳು ಬಹಳ ಸಭ್ಯಳು. ಡ್ರಮ್ಮಿನ ಕಾಗದ ನೋಡಿದಳು, ನನ್ನ ಅಪ್ಪಣೆ ಪತ್ರ ನೋಡಿದಳು.

"ಯಜಮಾನ್ರೇ, ನ್ಯಾರ್ಕೊ ಅಂದ್ರೆ ಯಾರು?"

"ನನ್ನ ಅಣ್ಣ, ಮೇಡಂ."

"ಡ್ರಮ್ಮು ಅವರ ಹೆಸರಲ್ಲಿದೆ. ಅಪ್ಪಣೆ ನಿಮ್ಮ ಹೆಸರಲ್ಲಿದೆ."

ಆಗ ನನಗೆ ಹೊಳೆಯಿತು. ನಮ್ಮಲ್ಲಿ ಮದುವೆಯ ಡ್ರಮ್ಮಿಗೆ ಮದುಮಗಳ ಹೆಸರು ಬರೆಯುತ್ತಾರೆ, ಮಣ್ಣಿನ ಡ್ರಮ್ಮಿಗೆ ಸತ್ತವರ ಹೆಸರು. ಅದು ಅವರಿಗೆ ತೋರಿಸುವ ಗೌರವ. ಸೆಚಿವಾ ಗೌರವ ತೋರಿಸಿದ್ದಳು, ದಪ್ಪ ಅಕ್ಷರದಲ್ಲಿ.

"ಈ ಡ್ರೋನು ಯಾರಿಗೋಸ್ಕರ ತರಿಸಿದ್ದು?" ಎಂದಳು ಆಕೆ.

"ಅಣ್ಣನಿಗೋಸ್ಕರಾನೇ ಮೇಡಂ."

"ಹಾಗಾದ್ರೆ ಸರಿಯಾಗೇ ಇದೆ, ಅವರದ್ದೇ ಆಯ್ತಲ್ಲ. ಅವರನ್ನ ಒಂದ್ಸಲ ಕಳಿಸಿಕೊಡಿ, ಸಹಿ ಹಾಕ್ಲಿ. ಅಪ್ಪಣೆ ಅವರ ಹೆಸರಿಗೆ ಮಾಡಿಸೋದು ದೊಡ್ಡ ಕೆಲಸ ಅಲ್ಲ."

ಇಲ್ಲಿ ನಾನು, ಪೌರನೀತಿಯ ಮೇಷ್ಟ್ರು, ಒಂದೇ ಒಂದು ವಾಕ್ಯ ಹೇಳಬೇಕಿತ್ತು. ಅಣ್ಣ ಸತ್ತುಹೋಗಿದ್ದಾನೆ ಎಂಬ ವಾಕ್ಯ. ಬಾಯಿ ತೆರೆದೆ. ಆ ವಾಕ್ಯ ಬರಲಿಲ್ಲ.

"ಅವರು ಬರೋ ಸ್ಥಿತಿಯಲ್ಲಿಲ್ಲ ಮೇಡಂ."

"ಅಯ್ಯೋ, ಹುಷಾರಿಲ್ವಾ?"

"ಸ್ವಲ್ಪ ಶೀತ."

ಸುಳ್ಳೂ ಅಲ್ಲ. ಆಸ್ಪತ್ರೆಯ ಶವದ ಕೋಣೆಯಲ್ಲಿ ಇರುವುದು ಅದೇ ತಾನೆ! "ಪಾಪ, ವಯಸ್ಸಾದೋರಿಗೆ ಶೀತ ಬೇಗ ಬಿಡಲ್ಲ," ಎಂದಳು ಆಕೆ. "ಶುಂಠಿ ಕಷಾಯ ಮಾಡಿಕೊಡಿ. ಹುಷಾರಾದ ಮೇಲೆ ಕರ್ಕೊಂಡು ಬನ್ನಿ, ಅಲ್ಲೀತನಕ ಡ್ರಮ್ಮು ಎಲ್ಲೂ ಹೋಗಲ್ಲ."

ವಾಪಸು ಬರುವ ವ್ಯಾನಿನಲ್ಲಿ ಕಿಟಕಿಯ ಪಕ್ಕ ಕೂತೆ. ಸರ್ಕಾರಕ್ಕೆ ಸುಳ್ಳು ಹೇಳಿ ಬಂದವನಿಗೆ ನಾಚಿಕೆಯಾಗಬೇಕಿತ್ತು. ಆದರೆ ಮೈಯೆಲ್ಲ ಹಗುರವಾಗಿತ್ತು. ಅಣ್ಣ ಹೋದ ದಿನದಿಂದ ಮೊದಲ ಬಾರಿಗೆ ಒಬ್ಬರು ಅವನ ಬಗ್ಗೆ "ಹುಷಾರಾದ ಮೇಲೆ" ಎಂದಿದ್ದರು. ಇಡೀ ದೇಶದಲ್ಲಿ ನನ್ನ ಅಣ್ಣ ಬದುಕಿದ್ದ ಜಾಗ ಅದೊಂದೇ ಮೇಜು.

ಊರಿಗೆ ಬಂದು, ಹೆಸರಿನದು ಸಣ್ಣ ತೊಡಕು, ಬೇಗ ಸರಿಹೋಗುತ್ತದೆ ಎಂದು ಹೇಳಿದೆ. ಬೇಗ ಸರಿಹೋಗಲಿಲ್ಲ, ಏಕೆಂದರೆ ನಾನು ಸರಿಮಾಡಲಿಲ್ಲ. ಗೊತ್ತುಮಾಡಿದ್ದ ಶನಿವಾರ ಹತ್ತಿರ ಬಂತು. ಲೇಸಿಲ್ಲ, ತಲೆಬಟ್ಟೆಯಿಲ್ಲ, ಹೆಣದ ಕಾಲಿಗೆ ಬೂಟಿಲ್ಲ. ಎಲ್ಲ ನನ್ನ ಡ್ರೋನಿನ ಕೆಳಗೆ ಸಿಕ್ಕಿಕೊಂಡು ತೆಮಾದಲ್ಲಿ ಕೂತಿದ್ದವು. ಮಣ್ಣು ಮುಂದಕ್ಕೆ ಹೋಯಿತು. ಮಣ್ಣಿನ ದಿನ ಬರೆದು ಗೋಡೆಗೋಡೆಗೆ ಅಂಟಿಸಿದ್ದ ಅಣ್ಣನ ಚಿತ್ರದ ಮೇಲೆ ಹೊಸ ದಿನದ ಚೀಟಿ ಅಂಟಿಸಿದರು. ಮುಂದಿನ ಶನಿವಾರವೂ ತಪ್ಪಿದಾಗ ಚೀಟಿಯ ಮೇಲೆ ಚೀಟಿ ಬಂದು ಅಣ್ಣನ ಗದ್ದ ಮುಚ್ಚಿಹೋಯಿತು. ಶಾಮಿಯಾನದವನು ನನ್ನನ್ನು ಕಂಡರೆ ರಸ್ತೆ ಬದಲಿಸತೊಡಗಿದ. ಅತ್ತೆಯಂದಿರು ನನ್ನ ಮನೆಯ ಮುಂದೆ ಹೋಗುವಾಗ ಗಟ್ಟಿಯಾಗಿ ನಿಟ್ಟುಸಿರು ಬಿಡುತ್ತಿದ್ದರು.

"ಮೇಷ್ಟ್ರೇ," ಎಂದಳು ಅಫ್ರಾಕೋಮಾ, ಫುಫುವಿನ ಬಟ್ಟಲನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟು, "ಭಾವ ಬದುಕಿದ್ದಾಗ ಹಾರ್ಮಟಾನ್ ಚಳಿಗಾಳಿಗೇ ಎರಡು ಕಂಬಳಿ ಹೊದೀತಿದ್ರು. ನಿಮ್ಮ ಆಟದ ಸಾಮಾನಿಗೋಸ್ಕರ ಅವರನ್ನ ಇನ್ನೂ ಎಷ್ಟು ದಿನ ಐಸಲ್ಲಿ ಇಡ್ತೀರಿ?"

"ಕಾನೂನು ಅಂದ್ರೆ ಸುಮ್ನೆ ಅಲ್ಲ ಕಣೇ. ನಾಳೆ ಮತ್ತೆ ಹೋಗಿಬರ್ತೀನಿ."

"ಹೋಗಿ ಏನು ಮಾಡ್ತೀರಿ ಅಲ್ಲಿ?"

ಹೋಗಿ ಏನು ಮಾಡುತ್ತಿದ್ದೆ ಎಂದು ಹೇಗೆ ಹೇಳಲಿ? ಹೋಗಿ ಆ ಮೇಜಿನ ಮುಂದೆ ನಿಲ್ಲುತ್ತಿದ್ದೆ. ಆ ಹೆಣ್ಣುಮಗಳು, "ಅಣ್ಣ ಹೇಗಿದಾರೆ?" ಎಂದು ಕೇಳುತ್ತಿದ್ದಳು. "ಹಾಗೇ ಇದಾರೆ" ಎನ್ನುತ್ತಿದ್ದೆ. "ಕಷಾಯ ಕುಡಿದ್ರಾ?" "ಅವರು ಮೊದಲಿಂದ ಹಟಮಾರಿ ಮೇಡಂ, ಕಷಾಯ ಅಂದ್ರೆ ಆಗಲ್ಲ." ಅವನ ಹಟದ ಒಂದೆರಡು ಕಥೆ ಹೇಳುತ್ತಿದ್ದೆ. ಆಕೆ ನಗುತ್ತಿದ್ದಳು. ಆಮೇಲೆ ಬಂದರಿನ ಹೊರಗೆ ಹುರಿದ ಬಾಳೆಕಾಯಿ ಕೊಂಡು ತಿಂದು ವ್ಯಾನು ಹತ್ತುತ್ತಿದ್ದೆ.

ಕೊನೆಗೊಂದು ದಿನ ಅಫ್ರಾಕೋಮಾ ತಾನೂ ಬರುತ್ತೇನೆಂದು ಚೀಲ ಹಿಡಿದು ಹೊರಟಳು. ಬಿಸಿಲು ಜಾಸ್ತಿ ಎಂದೆ. ದಾರಿ ದೂರ ಎಂದೆ. ನಿನಗೆ ವ್ಯಾನಿನಲ್ಲಿ ವಾಂತಿಯಾಗುತ್ತದೆ ಎಂದೆ. "ಆಗ್ಲಿ" ಎಂದಳು.

ಮೇಜಿನ ಹಿಂದಿನ ಹೆಣ್ಣುಮಗಳು ನಮ್ಮನ್ನು ಕಂಡು ಮುಖವರಳಿಸಿದಳು. "ಇವರು ನಿಮ್ಮ ಮನೆಯವರಾ? ಬನ್ನಿ ಅಮ್ಮ, ಕೂತ್ಕೊಳ್ಳಿ. ನಿಮ್ಮ ಭಾವ ಹೇಗಿದಾರೆ, ಶೀತ ಕಡಿಮೆ ಆಯ್ತಾ?"

ನನ್ನ ಹೆಂಡತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಮದುವೆಯಾದಂದಿನಿಂದ ಅವಳ ಕಣ್ಣಿನಲ್ಲಿ ನಾನು ನೋಡಿದ ಸಿಡಿಲುಗಳಿಗೆ ಲೆಕ್ಕವಿಲ್ಲ. ಇನ್ನೊಂದು ಬರುತ್ತದೆ ಎಂದು ಭುಜ ಕುಗ್ಗಿಸಿ ನಿಂತೆ. ಬರಲಿಲ್ಲ. ಅವಳು ನನ್ನ ಕೈ ಹಿಡಿದುಕೊಂಡಳು.

"ಮೇಡಂ, ನಮ್ಮ ಭಾವ ತೀರಿಕೊಂಡಿದಾರೆ," ಎಂದಳು. "ಊರಿಗೆಲ್ಲ ಗೊತ್ತು. ಇವರಿಗೊಬ್ಬರಿಗೆ ಇನ್ನೂ ಗೊತ್ತಾಗಿಲ್ಲ."

ಆ ಹೆಣ್ಣುಮಗಳು ಎದ್ದು ನಿಂತಳು. "ಕ್ಷಮಿಸಿ ಯಜಮಾನ್ರೇ," ಎಂದಳು. ತಪ್ಪು ನನ್ನದು, ಕ್ಷಮೆ ಕೇಳಿದ್ದು ಸರ್ಕಾರ! ಕುಟುಂಬದ ಹಿರಿಯರ ಒಂದು ಒಪ್ಪಿಗೆ ಕಾಗದ ಇದ್ದರೆ ಸಾಕು, ಇಂದೇ ಬಿಡಿಸಿಕೊಡುತ್ತೇನೆ ಎಂದಳು. ಅಫ್ರಾಕೋಮಾ ಚೀಲದಿಂದ ಆಂತ್ವಿ ಮಾವನ ಹೆಬ್ಬೆಟ್ಟು ಒತ್ತಿದ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ಎಂದೋ ಮಾಡಿಸಿಟ್ಟಿದ್ದಳಂತೆ. ಆ ಹೆಣ್ಣುಮಗಳು ಲೇಖನಿ ತೆಗೆದು ಅಣ್ಣನ ಹೆಸರಿನ ಮೇಲೆ ಒಂದು ಗೆರೆ ಎಳೆದು ಪಕ್ಕದಲ್ಲಿ ನನ್ನ ಹೆಸರು ಬರೆದಳು. ಆಸ್ಪತ್ರೆಯಲ್ಲಿ ಬಾರದ ಅಳು ನನಗೆ ಅಲ್ಲಿ ಬಂತು. ಹಿಂದೆ ಸಾಲಿನಲ್ಲಿ ನಿಂತವರು, ಸುಂಕ ಬಹಳ ಹಾಕಿರಬೇಕು ಎಂದು ಮಾತಾಡಿಕೊಂಡರು.

ಹೊರಡುವಾಗ ಆಕೆ ಅಪ್ಪಣೆ ಪತ್ರದ ಹಿಂಬದಿ ತೋರಿಸಿ ಹೇಳಿದಳು. "ಒಂದು ವಿಷಯ ಯಜಮಾನ್ರೇ. ಇದು ಸ್ವಂತ ಬಳಕೆಗೆ ಕೊಟ್ಟ ಅಪ್ಪಣೆ. ಜನ ಸೇರಿರೋ ಜಾಗದ ಮೇಲೆ ಹಾರಿಸೋ ಹಾಗಿಲ್ಲ. ದೂರದಲ್ಲೇ ಇರಬೇಕು."

ದಾರಿಯುದ್ದಕ್ಕೂ ಅಫ್ರಾಕೋಮಾ ನಕ್ಕಳು. ವಾಂತಿಯೂ ಆಗಲಿಲ್ಲ. "ಅಂದ್ರೆ ಇಷ್ಟೆಲ್ಲ ಮಾಡಿ ತಂದ ಡ್ರೋನು ಮಣ್ಣಿನ ಹತ್ರ ಬರೋ ಹಾಗಿಲ್ಲ. ಇನ್ನಾದ್ರೂ ಬಿಡಿ ಮೇಷ್ಟ್ರೇ, ಫೋಟೊ ಅಂಗಡಿಯೋನಿಗೆ ಹೇಳೋಣ."

"ದೂರದಿಂದ ಹಾರಿಸ್ತೀನಿ. ಮಾತು ಕೊಟ್ಟಿದೀನಿ."

ಆ ಶನಿವಾರ ಕೊನೆಗೂ ಬಂತು. ಅಣ್ಣನ ಮನೆಯ ಅಂಗಳದಿಂದ ಹಿಡಿದು ಚರ್ಚಿನವರೆಗೆ ಕಪ್ಪು, ಕೆಂಪು, ಶಾಮಿಯಾನ, ಡೋಲು. ಅಣ್ಣ ಬಿಳಿ ಲೇಸಿನ ಮಂಚದ ಮೇಲೆ ಹೊಸ ಬೂಟು ಹಾಕಿಕೊಂಡು, ಇಷ್ಟು ಕಾಯಿಸಿದವರನ್ನು ಬೈಯಲು ತಯಾರಾದವನ ಹಾಗೆ ತುಟಿ ಬಿಗಿದು ಮಲಗಿದ್ದ. ನಾನು ಮಾತ್ರ ದೊಡ್ಡ ರಸ್ತೆಯ ಆಚೆ, ಶಾಲೆಯ ಬಯಲಿನಲ್ಲಿ, ಕಾನೂನು ಹೇಳಿದಷ್ಟು ದೂರದಲ್ಲಿ ಒಬ್ಬನೇ ನಿಂತಿದ್ದೆ.

"ಪೆಟ್ಟಿಗೇಲಿ ಇಡೋಕೆ ಮುಂಚೆ ಬಂದ್ಬಿಡಿ," ಎಂದು ಅಫ್ರಾಕೋಮಾ ಹೇಳಿದ್ದಳು. "ಪಾದ್ರಿಗಳಿಗೆ ಪಕ್ಕದೂರಲ್ಲಿ ಇನ್ನೊಂದು ಮಣ್ಣಿದೆ, ಅವರು ಕಾಯಲ್ಲ."

"ಬರ್ತೀನಿ."

ಫೋನನ್ನೇ ಡ್ರೋನಿನ ಪರದೆಯಾಗಿ ಸಿಕ್ಕಿಸಿದೆ. ನಡುವೆ ಯಾರಾದರೂ ಕರೆ ಮಾಡಿದರೆ ಅಡ್ಡಿಯೆಂದು ಕರೆ ಬಾರದಂತೆ ಮಾಡಿದೆ. ಗುಂಡಿ ಒತ್ತಿದೆ. ಡ್ರೋನು ಜೀರುಂಡೆಯ ಹಾಗೆ ಗುಂಯ್ಗುಟ್ಟಿ ಎದ್ದಿತು. ಓಡುಮ್ ಮರದಲ್ಲಿ ನಾನು ಸಿಕ್ಕಿಕೊಂಡಿದ್ದ ಕೊಂಬೆ ದಾಟಿತು. ಅಣ್ಣ ಕೂರುತ್ತಿದ್ದ ತುದಿ ದಾಟಿತು. ಅದರ ಮೇಲಕ್ಕೂ ಹೋಯಿತು. ಪರದೆಯಲ್ಲಿ ತಗಡಿನ ಸೂರುಗಳು, ಕೋಕೋ ತೋಟಗಳು, ಕುಮಾಸಿಯ ರಸ್ತೆ, ಅದರಾಚೆ ಮಬ್ಬು. ಸಮುದ್ರ ಇರಲಿಲ್ಲ. ಅಣ್ಣನ ಸುಳ್ಳುಗಳನ್ನೆಲ್ಲ ಅಂದು ನಾನು ಕಣ್ಣಾರೆ ನೋಡಿದೆ, ಮತ್ತು ಎಲ್ಲವನ್ನೂ ನಂಬಿದೆ.

ಎಷ್ಟು ಜನ! ರಸ್ತೆಯ ತುದಿಯವರೆಗೂ ಜನ. ಅಣ್ಣ, ನೋಡು, ನೀನು ಸಾಲ ಕೊಡದವರೂ ಬಂದಿದ್ದಾರೆ, ಎಂದು ನಾನು ಗಟ್ಟಿಯಾಗಿಯೇ ವರದಿ ಒಪ್ಪಿಸುತ್ತ ಹೋದೆ. ಮೇಲಿದ್ದವನು ಕೇಳುತ್ತಿದ್ದ, ಕೆಳಗಿದ್ದವನು ಹೇಳುತ್ತಿದ್ದ. ಕಾಲದ ಪರಿವೆಯೇ ಇರಲಿಲ್ಲ.

ಇದ್ದಕ್ಕಿದ್ದಂತೆ ಪರದೆಯಲ್ಲಿ ಎಲ್ಲ ನಿಂತುಹೋಯಿತು. ಡೋಲಿನವರು ಕೈ ಕೆಳಗಿಟ್ಟರು. ಬೆಂಕಿಪೊಟ್ಟಣದಷ್ಟು ಕಾಣುವ ಪೆಟ್ಟಿಗೆಯ ಸುತ್ತ ಜನ ಕತ್ತು ಹೊರಳಿಸುತ್ತಿದ್ದರು. ಒಬ್ಬರು ಹಿತ್ತಲಿಗೆ ಓಡಿದರು, ಒಬ್ಬರು ಕಕ್ಕಸಿನ ಬಾಗಿಲು ಬಡಿದರು. ಕೋಲು ಹಿಡಿದವರೊಬ್ಬರು ಕುರ್ಚಿಯ ಮೇಲೆ ಹತ್ತಿ ಹಣೆಗೆ ಕೈ ಅಡ್ಡ ಹಿಡಿದು ನೋಡತೊಡಗಿದರು. ಯಾರನ್ನೋ ಹುಡುಕುತ್ತಿದ್ದಾರೆ. ನನಗೆ ಸಿಟ್ಟು ಬಂತು. ಯಾವನೋ ಬೇಜವಾಬ್ದಾರಿ ಮನುಷ್ಯ, ಇಂಥ ಹೊತ್ತಿನಲ್ಲಿ ಕೈಕೊಟ್ಟಿದ್ದಾನಲ್ಲ ಎಂದು ಹಲ್ಲು ಕಡಿದೆ. ಮಣ್ಣು ಮುಗಿಯಲಿ, ಯಾರೇ ಆಗಲಿ, ಅವನಿಗೆ ಸರಿಯಾಗಿ ಉಗಿಯುತ್ತೇನೆ ಎಂದುಕೊಂಡೆ.

ಆಗ ಶಾಮಿಯಾನದಿಂದ ಒಬ್ಬ ಹೆಂಗಸು ಹೊರಗೆ ಬಂದಳು. ನಡುರಸ್ತೆಯಲ್ಲಿ ನಿಂತು ಕತ್ತೆತ್ತಿ ನೇರ ನನ್ನ ಡ್ರೋನನ್ನೇ ನೋಡಿದಳು. ತಲೆಬಟ್ಟೆ ಬಿಚ್ಚಿ ಬೀಸತೊಡಗಿದಳು. ಆ ಬೀಸುವ ರೀತಿ ನನಗೆ ಚೆನ್ನಾಗಿ ಗೊತ್ತು. ನಮ್ಮ ಮನೆಯ ಕೋಳಿಗಳಿಗೂ ಗೊತ್ತು.

ಓಡಿದೆ. ಡ್ರೋನನ್ನು ಆಕಾಶದಲ್ಲೇ ಬಿಟ್ಟು, ಜಾರುವ ಬಟ್ಟೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಓಡಿದೆ. ದೊಡ್ಡ ರಸ್ತೆಗೆ ಬಂದೆ. ನಿಂತೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ, ಮತ್ತೆ ಎಡಕ್ಕೆ ನೋಡಿದೆ. ಅಷ್ಟರಲ್ಲಿ ಮಣ್ಣಿಗೆ ಬಂದ ಬಸ್ಸುಗಳು ಒಂದರ ಹಿಂದೆ ಒಂದು ರಸ್ತೆಗೆ ಅಡ್ಡಲಾಗಿ ತಿರುಗಿಕೊಳ್ಳತೊಡಗಿದವು. ಮನುಷ್ಯನ ಕಾಲಿಗೆ ಅಭ್ಯಾಸವಾದದ್ದನ್ನು ದುಃಖವೂ ಬಿಡಿಸಲಾರದು. ಅಲ್ಲೇ ನಿಂತಿದ್ದೆ, ರಸ್ತೆಯ ಅಂಚಿನಲ್ಲಿ, ಅಣ್ಣಾ ಅಣ್ಣಾ ಎನ್ನುತ್ತ, ನಿಯಮ ಪಾಲಿಸುತ್ತ.

ಕೊನೆಗೆ ರಸ್ತೆ ದಾಟಿ ಅಂಗಳಕ್ಕೆ ಬಂದಾಗ ಜನ ದಾರಿ ಬಿಟ್ಟರು. ಪೆಟ್ಟಿಗೆಯ ಕೊನೆಯ ತಿರುಪನ್ನು ಬಿಗಿಯುತ್ತಿದ್ದರು. ಪಾದ್ರಿಗಳು ಆಗಲೇ ಕಾರಿನ ಬಾಗಿಲ ಹತ್ತಿರ ಇದ್ದರು. ಆಂತ್ವಿ ಮಾವ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಬಂದ್ಯಾ ಕ್ವಾಕು? ಹೇಳಬೇಕಾದ್ದನ್ನ ನಿನ್ನ ಹೆಂಡ್ತಿ ಹೇಳಿ ಮುಗಿಸಿದ್ಲು."

ಮುಚ್ಚಳದ ಮೇಲೆ ಕೈಯಿಟ್ಟೆ. ಬಿಸಿಲಿಗೆ ಮರ ಬೆಚ್ಚಗಿತ್ತು. ಇಷ್ಟು ದಿನ ಅವನನ್ನು ತಡೆದು ನಿಲ್ಲಿಸಿಕೊಂಡವನಿಗೆ ಕೊನೆಯ ಒಂದು ನಿಮಿಷ ಅವನ ಹತ್ತಿರ ಇರಲಾಗಲಿಲ್ಲ. ಎಲ್ಲರಿಗೂ ಅವನು ಹೋಗುವುದು ಕಂಡಿತು. ನನಗೊಬ್ಬನಿಗೆ ಮೇಲಿನಿಂದ ಕಂಡಿತು, ಬೆಂಕಿಪೊಟ್ಟಣದಷ್ಟು.

ಮಣ್ಣಾಗಿ, ಜನ ಚದುರಿದ ಮೇಲೆ, ಸಂಜೆ ಬಿಸಿಲಿನಲ್ಲಿ ನಾವಿಬ್ಬರೂ ಡ್ರೋನು ಹುಡುಕಿಕೊಂಡು ಶಾಲೆಯ ಬಯಲಿಗೆ ಹೋದೆವು. ಅದು ಎಲ್ಲೂ ಬಿದ್ದಿರಲಿಲ್ಲ. ಸರ್ಕಾರದ ಅಪ್ಪಣೆ ಪಡೆದದ್ದಲ್ಲವೇ, ಯಾರ ಕೈಯೂ ಇಲ್ಲದೆ ತಾನೇ ಹೊರಟ ಜಾಗಕ್ಕೆ ಬಂದು, ಹುಲ್ಲಿನ ಮೇಲೆ ಶಿಸ್ತಾಗಿ ಇಳಿದು ಕೂತಿತ್ತು. ಅಫ್ರಾಕೋಮಾ ಅದನ್ನೆತ್ತಿ ತಲೆಬಟ್ಟೆಯ ಅಂಚಿನಿಂದ ಧೂಳು ಒರೆಸಿದಳು. ನಾನು ಧೈರ್ಯ ಮಾಡಿ ಕೇಳಿದೆ.

"ನನ್ನ ಪರವಾಗಿ ಅಣ್ಣನ ಕಿವೀಲಿ ಏನು ಹೇಳಿದೆ?"

"ಇನ್ನೇನು ಹೇಳಲಿ ಮೇಷ್ಟ್ರೇ? ಇದ್ದದ್ದನ್ನೇ ಹೇಳಿದೆ." ಅವಳು ಓಡುಮ್ ಮರದ ತುದಿ ನೋಡಿದಳು. "'ಭಾವ, ನಿಮ್ಮ ತಮ್ಮ ಕೊನೆಗೂ ಮೇಲೆ ಹತ್ತಿದಾರೆ, ಸಮುದ್ರ ಕಾಣ್ತಿದೆಯಂತೆ. ಇಳಿಯೋಕೆ ಭಯ ಆಗಿ ಅಲ್ಲೇ ಸಿಕ್ಕಾಕೊಂಡಿದಾರೆ. ಈ ಸಲ ನೀವು ಇಳಿಸೋಕೆ ಬರಬೇಡಿ, ನಾನು ನೋಡ್ಕೋತೀನಿ. ನೀವು ಹೊರಡಿ' ಅಂದೆ."